ಕಲ್ಲುಕಂಬದ ಹತ್ತಿರ ನಿಲ್ಲುವ ಬೋಟು

“ಕೂತ್ಕೊ, ಕೂತ್ಕೊ ಅಂತೀಯಲ್ಲ ಅಮ್ಮಿ, ಎಂಗೆ ಕೂತ್ಕಳ್ಳಲಿ ಹೇಳು. ದಡದಲ್ಲಿ ಹ್ಯಾಂಡಲ್ಲು ತಿರುವಿದ್ರೆ ಬೋಟಿನ ಇಂಜಿನ್ನು ಎರಡನೇ ಸುತ್ತಿಗೇ ಎದ್ಬುಡ್ತದೆ. ಟುಕು ಟುಕು ಟುಕು ಅಂತ ಎಷ್ಟು ಚೆಂದಾಗಿ ಒಂಟೋಯ್ತದೆ ಗೊತ್ತಾ, ಸಂಜೆ ಹೊತ್ತು ಹಸ ಕೊಟ್ಟಿಗೆಗೆ ಬಂದಂಗೆ. ನಾನೂ ಒಂದು ಎಲೆಅಡಿಕೆ ಬಾಯಿಗಾಕ್ಕಂಡು ಕುಂತಿರ್ತೀನಿ. ಆ ಎಲೆಅಡಿಕೆ ರಸ ಮುಗೀತಾ ಬರಬೇಕು, ಮುಂದೆ ಹಳೇ ಊರಿನ ಕಲ್ಲುಕಂಬದ ತುದಿ ಕಾಣಬೇಕು, ಆಗ ಇದರ ದನಿ ತೆಳ್ಳಗಾಯ್ತದೆ. ಒಂದು ಸಲ ಕೆಮ್ತದೆ, ಇನ್ನೊಂದು ಸಲ ಕೆಮ್ತದೆ, ಆಮೇಲೆ ಸುಮ್ಕಾಗ್ಬುಡ್ತದೆ. ಸುತ್ತ ನೀರು, ಮಧ್ಯದಲ್ಲಿ ನಾನು, ಗಾಳಿ ಸದ್ದು ಬುಟ್ರೆ ಏನೂ ಇಲ್ಲ. ಮೊದಲನೇ ಸಲ ಪ್ಲಗ್ಗು ಬಿಚ್ಚಿ ಒರೆಸ್ದೆ. ಎಣ್ಣೆ ಮುಗೀತೇನೋ ಅಂತ ಟ್ಯಾಂಕಿ ಮುಚ್ಚಳ ತೆಗೆದು ಕಡ್ಡಿ ಅದ್ದಿ ನೋಡ್ದೆ, ಅರ್ಧ ಟ್ಯಾಂಕಿ ಐತೆ. ಮುಚ್ಚಳ ಹಾಕಿ ಹ್ಯಾಂಡಲ್ಲು ತಿರುವ್ದೆ, ಎದ್ಬುಡ್ತು. ಓಹೋ, ಪ್ಲಗ್ಗಿಂದೇ ತಂಟೆ ಅಂದ್ಕಂಡೆ. ಮಾರನೇ ದಿನ ಹೊಸ ಪ್ಲಗ್ಗು ಹಾಕ್ಕಂಡೋದೆ, ಅಲ್ಲೇ ನಿಂತ್ಕತು. ಕಾರ್ಬರೇಟರು ಬಿಚ್ಚಿ ಊದ್ದೆ, ಎಣ್ಣೆ ನೋಡ್ದೆ, ತಿರುವ್ದೆ, ಎದ್ಬುಡ್ತು. ಓಹೋ, ಕಸ ಸಿಕ್ಕಂಡಿತ್ತು ಅಂದ್ಕಂಡೆ. ಆಮೇಲೆ ಎಣ್ಣೇನೆಲ್ಲ ನಿನ್ನ ಹಳೇ ಸೀರೆ ಬಟ್ಟೇಲಿ ಸೋಸಿ ತುಂಬ್ದೆ. ಆಗ್ಲೂ ಅಲ್ಲೇ. ಅದೇ ಕಲ್ಲುಕಂಬ. ನಾನು ಏನು ಮಾಡಿದ್ರೂ ಏಳ್ತದೆ, ಏನು ಮಾಡಿದ್ರೂ ನಿಂತ್ಕತದೆ. ಕಾಯಿಲೆ ಇರೋದು ಅದಕ್ಕೋ ನನಗೋ ಅನ್ನೋದೇ ಗೊತ್ತಾಯ್ತಿಲ್ಲ ಕಣಮ್ಮಿ.”

ಇಷ್ಟನ್ನೂ ಕಂಠಪ್ಪ ಹೇಳಿದ್ದು ನಿಂತುಕೊಂಡೇ. ನಿಂತಿದ್ದ ಅನ್ನುವುದೂ ಸರಿಯಲ್ಲ. ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ತಿರುಗಾಡುತ್ತಲೇ ಹೇಳಿದ. ಹೆಂಡತಿ ವೀರಮ್ಮ ಮುದ್ದೆ ತಟ್ಟೆಗೆ ಇಟ್ಟು, ಹುರುಳಿ ಸಾರು ಬಿಟ್ಟು, ತಟ್ಟೆಯನ್ನು ಅವನು ತಿರುಗಾಡುವ ದಾರಿಗೇ ಅಡ್ಡ ಇಟ್ಟಳು. ಅದನ್ನು ದಾಟಿಕೊಂಡು ಹೋದ. ಹಿಂದಕ್ಕೆ ಬರುವಾಗಲೂ ದಾಟಿದ.

“ಮುದ್ದೆ ಆರೋಯ್ತದೆ” ಅಂದಳು ಅವಳು.

“ಆರಲಿ ಬುಡು” ಅಂದ. ಆಮೇಲೆ ಕುಕ್ಕರುಗಾಲಲ್ಲಿ ಕೂತು, ಯಾರೋ ಅಟ್ಟಿಸಿಕೊಂಡು ಬಂದವರ ಹಾಗೆ ನಾಲ್ಕು ತುತ್ತು ನುಂಗಿ, ಕೈಯನ್ನೂ ಸರಿಯಾಗಿ ತೊಳೆಯದೆ ನೀರಿನ ಕಡೆಗೆ ನಡೆದ.

ಕಂಠಪ್ಪನ ಕಾಲು ಹುಟ್ಟಿನಿಂದಲೇ ಹಾಗೆ. ಹುಣಸೂರು ತಾಲ್ಲೂಕು ಹನಗೋಡಿನಲ್ಲಿ, ಲಕ್ಷ್ಮಣತೀರ್ಥದ ದಡದ ಒಂದು ಒಕ್ಕಲು ಮನೆಯಲ್ಲಿ ಹುಟ್ಟಿದವನು. ಎತ್ತು ಹೂಡಿ ಹೊಲಕ್ಕೆ ಹೋದರೆ ಒಂದು ಸಾಲು ಹೊಡೆದು ಮುಗಿಸುವಷ್ಟರಲ್ಲಿ ರಸ್ತೆಯಲ್ಲಿ ಬಸ್ಸಿನ ಸದ್ದು ಕೇಳಿಸಬೇಕು, ಇವನು ನೇಗಿಲು ಬಿಟ್ಟು ಬದುವಿನ ಮೇಲೆ ನಿಲ್ಲಬೇಕು. ಅಪ್ಪ ಬೈದು ಬೈದು ಸುಸ್ತಾಗಿ, ಇವನ ಕಾಲಿಗೆ ಯಾರೋ ಚಕ್ರ ಕಟ್ಟಿ ಕಳಿಸಿದ್ದಾರೆ ಅಂತ ಸುಮ್ಮನಾದ. ಕಂಠಪ್ಪ ಬಿಳಿಕೆರೆಯ ಹಿಟ್ಟಿನ ಗಿರಣಿಗೆ ಸೇರಿದ. ಅಲ್ಲಿ ಬೆಲ್ಟು, ಇಂಜಿನ್ನು, ಎಣ್ಣೆ ಕಲಿತ. ಕಲಿತ ಮೇಲೆ ಅಲ್ಲಿ ನಿಲ್ಲಲಿಲ್ಲ. ಮೈಸೂರು ಬಸ್ಸಿಗೆ ಕ್ಲೀನರಾದ. ಅದನ್ನೂ ಬಿಟ್ಟ. ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಬೇಯಿಸುವವರ ಹತ್ತಿರ ಒಂದು ಹಂಗಾಮು ಕಳೆದ. ಹೋದಲ್ಲೆಲ್ಲ ಕೆಲಸ ಮೆಚ್ಚಿದರು. ಇವನೇ ಒಂದು ಬೆಳಿಗ್ಗೆ ಎದ್ದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದ. ಯಾಕೆ ಅಂದರೆ, ಸುಮ್ಮನೆ ಇರಕ್ಕಾಗಲ್ಲ ಅನ್ನುತ್ತಿದ್ದ.

ವೀರಮ್ಮನ ಅಪ್ಪ ಹಂಪಾಪುರದ ಸಿದ್ದಮಲ್ಲಪ್ಪ ಈ ಅಳಿಯನನ್ನು ಬಹಳ ದಿನ ತಾಳಿಕೊಂಡ. ಕೊನೆಗೆ ಒಂದು ಶಿವರಾತ್ರಿಗೆ ಬಂದವನು ಜಗಲಿಯ ಮೇಲೆ ಕೂತು ಎಲ್ಲರೆದುರೂ ಹೇಳಿಬಿಟ್ಟ: “ನೋಡಿ ಅಳಿಯಂದಿರೆ, ನನ್ನ ಮಗಳು ಇದುವರ್ಗೂ ಎಷ್ಟು ಒಲೆ ಹಾಕವ್ಳೆ ಅಂತ ಅವಳಿಗೇ ಗೊತ್ತಿಲ್ಲ. ಇನ್ನೊಂದು ಸಲ ಒಲೆ ಕೀಳೋದಾದ್ರೆ ಸೀದಾ ನಮ್ಮೂರಿಗೇ ಬಂದ್ಬುಡಿ. ನೇಗಿಲೈತೆ, ಎತ್ತೈತೆ, ನಿಮ್ಮ ಮುಂದೆ ನಾನಿರ್ತೀನಿ.” ನಾಲ್ಕು ಜನ ನಕ್ಕರು. ಕಂಠಪ್ಪನಿಗೆ ನಗು ಬರಲಿಲ್ಲ. ಮಾವನ ಮನೆಯಲ್ಲಿ, ಮಾವನ ಕಣ್ಣೆದುರಿಗೆ, ಮಾವನ ಎತ್ತಿನ ಬಾಲ ಹಿಡಿದು ಬಾಳುವುದು ಅವನಿಗೆ ಎದೆಯ ಮೇಲೆ ಬಂಡೆ ಎಳೆದಂತೆ ಕಂಡಿತು.

ಆ ವರ್ಷವೇ ಬೋಟು ಬಂತು.

ಕೃಷ್ಣರಾಜನಗರದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಚನ್ನಬಸವಣ್ಣ ಸಾಹುಕಾರರಿಗೆ ಒಂದು ಶೋಕಿ ಹತ್ತಿತ್ತು. ಕೊಡಗಿನಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ಒಬ್ಬ ಬಿಳಿ ದೊರೆ ತನ್ನ ದೇಶಕ್ಕೆ ಹೊರಟಾಗ, ಅವನು ಹೆಂಡತಿಯ ಜೊತೆ ವಿಹಾರಕ್ಕೆ ಹೋಗುತ್ತಿದ್ದ ಹಳೇ ಮರದ ಬೋಟು ಮಾರಾಟಕ್ಕೆ ಬಂತು. ಸಾಹುಕಾರರು ಅದನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದು ಕನ್ನಂಬಾಡಿ ಕಟ್ಟೆಯ ಹಿನ್ನೀರಿಗೆ ಇಳಿಸಿದರು. ದಡದಲ್ಲಿ ಹೊಸಹಳ್ಳಿ. ಕಟ್ಟೆ ಕಟ್ಟಿದಾಗ ಹಳೇ ಊರು ಮುಳುಗಿ, ಜನ ದಿಬ್ಬಕ್ಕೆ ಹತ್ತಿ ಕಟ್ಟಿಕೊಂಡ ಊರು ಅದು. ಬೋಟನ್ನೂ ಇಂಜಿನ್ನನ್ನೂ ನೋಡಿಕೊಳ್ಳಲು ಒಬ್ಬ ಆಳು ಬೇಕಿತ್ತು. ಬಿಳಿಕೆರೆ ಗಿರಣಿಯವರು ಕಂಠಪ್ಪನ ಹೆಸರು ಹೇಳಿದರು, ಬಹಳ ದಿನ ನಿಲ್ಲುವವನಲ್ಲ ಅಂತಲೂ ಸೇರಿಸಿದರು.

ಆದರೆ ಇಲ್ಲಿ ಒಂದು ವಿಚಿತ್ರ ನಡೆಯಿತು. ಇಂಜಿನ್ನು ಓಡುತ್ತಿರುವಷ್ಟು ಹೊತ್ತು ಕಂಠಪ್ಪನ ಕಾಲು ಸುಮ್ಮನಿರುತ್ತಿತ್ತು. ಬೋಟು ತಾನೇ ಚಲಿಸುತ್ತಿತ್ತಲ್ಲ, ಅವನು ಚಲಿಸಬೇಕಾಗಿರಲಿಲ್ಲ. ಹಿಂಬದಿಯ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಇಂಜಿನ್ನಿನ ಸದ್ದಿಗೆ ಕಿವಿ ಕೊಟ್ಟು, ಎಲೆಅಡಿಕೆ ಜಗಿಯುತ್ತಾ ನೀರು ನೋಡುತ್ತಿದ್ದ. ಒಂದು ಸಲ ದಡದಿಂದ ಅದನ್ನು ನೋಡಿದ ವೀರಮ್ಮ, ತನ್ನ ಗಂಡ ಇಷ್ಟು ಹೊತ್ತು ಒಂದೇ ಕಡೆ ಕೂತಿದ್ದನ್ನು ಮದುವೆಯ ಹಸೆಮಣೆಯ ಮೇಲೂ ಕಂಡಿಲ್ಲವಲ್ಲ ಅಂದುಕೊಂಡಳು.

ಬೆಳಿಗ್ಗೆ ಎದ್ದರೆ ಮೊದಲು ಬೋಟಿನ ನೀರು ಎತ್ತಿ ಚೆಲ್ಲುವುದು. ಹಳೇ ಮರ, ರಾತ್ರಿಯೆಲ್ಲ ಸಂದಿನಲ್ಲಿ ಜಿನುಗಿ ತಳದಲ್ಲಿ ಪಾದ ಮುಳುಗುವಷ್ಟು ನಿಲ್ಲುತ್ತಿತ್ತು. ಅರ್ಧ ಕತ್ತರಿಸಿದ ಡಬ್ಬದಲ್ಲಿ ಅದನ್ನೆಲ್ಲ ಮೊಗೆದು, ಆಮೇಲೆ ಇಂಜಿನ್ನು ಒರೆಸುತ್ತಿದ್ದ. ಅದು ಸೀಮೆಎಣ್ಣೆ ಇಂಜಿನ್ನು. ಮೊದಲು ಚೂರು ಪೆಟ್ರೋಲು ಕುಡಿಸಿ ಕಾವೇರಿಸಿ, ಆಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ಸೀಮೆಎಣ್ಣೆಯ ತಾಮ್ರದ ಟ್ಯಾಂಕಿ ಇಂಜಿನ್ನಿಗಿಂತ ಎತ್ತರದಲ್ಲಿ ಕೂತಿತ್ತು. ಅಲ್ಲಿಂದ ಒಂದು ಸಣ್ಣ ಕೊಳವೆಯಲ್ಲಿ ಎಣ್ಣೆ ತನ್ನ ಭಾರಕ್ಕೆ ತಾನೇ ಇಳಿದು ಬರುತ್ತಿತ್ತು. ಟ್ಯಾಂಕಿಗೆ ಹಿತ್ತಾಳೆಯ ಮುಚ್ಚಳ. ಮುಚ್ಚಳದ ನಡುಮಧ್ಯದಲ್ಲಿ ಬೆರಳ ತುದಿ ಕೂರುವಷ್ಟು ಒಂದು ಗುಳಿ. ಬೊಟ್ಟು ಇಡುವುದಕ್ಕೆಂದೇ ಯಾರೋ ಮಾಡಿಸಿದ್ದಾರೆ ಅನ್ನುವಷ್ಟು ಅಂದವಾಗಿತ್ತು.

ಆಯುಧಪೂಜೆಯ ದಿನ ಕಂಠಪ್ಪ ಅಲ್ಲಿಗೇ ಬೊಟ್ಟಿಟ್ಟ. ವಿಭೂತಿಯ ಮೂರು ಪಟ್ಟೆ ಎಳೆದು, ನಡುವೆ ಗುಳಿಯಲ್ಲಿ ಗಂಧ, ಗಂಧದ ಮೇಲೆ ಕುಂಕುಮ. ಇಂಜಿನ್ನಿಗೆ ಒಂದು ಮುಖ ಬಂದಂತಾಯಿತು. ಅಂದಿನಿಂದ ಪ್ರತಿ ಸೋಮವಾರ ತಪ್ಪಿಸಲಿಲ್ಲ. ತನ್ನ ಹಣೆಗೆ ಇಟ್ಟುಕೊಂಡ ವಿಭೂತಿಯ ಉಳಿಕೆ ಅದಕ್ಕೆ.

ಸಂಕ್ರಾಂತಿ ಕಳೆದ ಮೇಲೆ ಹಿನ್ನೀರು ಇಳಿಯತೊಡಗಿತು. ಹಳೇ ಊರಿನ ಮಾರಮ್ಮನ ಗುಡಿಯ ಮುಂದಿನ ಕಲ್ಲುಕಂಬದ ತುದಿ ನೀರಿನಿಂದ ಮೇಲೆ ಬಂತು. ಪ್ರತಿ ವರ್ಷ ಬರುತ್ತಿತ್ತು. ಈ ವರ್ಷ ಅದು ಕಂಡ ವಾರದಲ್ಲೇ ಬೋಟು ಮೊದಲ ಸಲ ಅದರ ಹತ್ತಿರ ನಿಂತಿತು.

ದಡದಲ್ಲಿ ಮಜ್ಜಿಗೆ ಮಾರುತ್ತಿದ್ದ ಕುಳ್ಳಮ್ಮ ಹಳೇ ಊರಿನಲ್ಲೇ ಹುಟ್ಟಿದ ಮುದುಕಿ. ಒಂದು ದಿನ ಕಂಠಪ್ಪ ಬೇಸತ್ತು, ನಿಂತ ಇಂಜಿನ್ನನ್ನು ಮುಟ್ಟದೆ ಹುಟ್ಟು ಹಾಕಿಕೊಂಡು ಬೆವತು ದಡಕ್ಕೆ ಬಂದಾಗ ಅವಳು ಕೇಳಿದಳು, “ಎಲ್ಲಿ ನಿಂತ್ಕತಪ್ಪ?”

“ಕಂಬದತ್ರ ಕಣವ್ವ.”

“ಇನ್ನೇನಪ್ಪ ಮತ್ತೆ. ನಮ್ಮಮ್ಮನ ತಲೆ ಮ್ಯಾಲೆ ದಡದಡ ಅಂತ ಓಡಿಸ್ಕಂಡು ಓದ್ರೆ ಸುಮ್ಕಿದ್ದಾಳ? ಕೆಳಗಡೆ ಅವಳ ಮೂಲದ ಕಲ್ಲು ಇನ್ನೂ ಅಲ್ಲೇ ಐತೆ. ಒಂದು ಕೈಮುಗಿದು ಓಗು.”

ಮಾರನೇ ದಿನ ಕಂಠಪ್ಪ ಕಂಬದ ಹತ್ತಿರ ಇಂಜಿನ್ನು ನಿಂತ ಕೂಡಲೇ ಕೈಮುಗಿದ. ಟ್ಯಾಂಕಿಯ ಮುಚ್ಚಳ ತೆಗೆದು ಎಣ್ಣೆ ನೋಡಿ, ಮುಚ್ಚಿ, ಮುಚ್ಚಳದ ಬೊಟ್ಟಿನ ಮೇಲೆ ಇನ್ನೊಂದು ಬೊಟ್ಟಿಟ್ಟು ಹ್ಯಾಂಡಲ್ಲು ತಿರುವಿದ. ಎದ್ದುಬಿಟ್ಟಿತು! ದಡದವರೆಗೂ ನಿಲ್ಲದೆ ಬಂತು. ಕುಳ್ಳಮ್ಮ ಗೆದ್ದವಳಂತೆ ಮಜ್ಜಿಗೆ ಕಡೆದಳು. ಅದರ ಮರುದಿನ ಮತ್ತೆ ನಿಂತಿತು. ಹಾಗಾದರೆ ಪೂಜೆ ಸಾಲದು ಅಂತಾಯಿತು. ಸೋಮವಾರ ಮಾತ್ರ ಇದ್ದ ಬೊಟ್ಟು ದಿನವೂ ಆಯಿತು. ವಿಭೂತಿಯ ಮೇಲೆ ವಿಭೂತಿ, ಗಂಧದ ಮೇಲೆ ಗಂಧ. ಸೀಮೆಎಣ್ಣೆಯ ಜಿಡ್ಡಿಗೆ ಎಲ್ಲವೂ ಅಂಟಿ, ಬಿಸಿಲಿಗೆ ಒಣಗಿ, ಗಾರೆಯಾಯಿತು. ಬೋಟು ಮೊದಲು ಕಂಬದ ಹತ್ತಿರ ನಿಲ್ಲುತ್ತಿದ್ದುದು ಈಗ ಕಂಬಕ್ಕಿಂತ ಈಚೆಗೇ ನಿಲ್ಲತೊಡಗಿತು.

“ಕೋಪ ಜಾಸ್ತಿಯಾಯ್ತಾ ಐತೆ” ಅಂದಳು ಕುಳ್ಳಮ್ಮ.

ಸಾಹುಕಾರರು ಮೈಸೂರಿನಿಂದ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದರು. ಅವನು ಬಂದವನೇ ಟ್ಯಾಂಕಿಯ ಮುಚ್ಚಳ ತೆಗೆದು ಪಕ್ಕಕ್ಕಿಟ್ಟು ಎಣ್ಣೆಯ ಬಣ್ಣ ನೋಡಿದ, ವಾಸನೆ ನೋಡಿದ. ದಡದಲ್ಲೇ ಕಟ್ಟಿಹಾಕಿ ಇಂಜಿನ್ನು ಓಡಿಸಿದ. ಅವನು ಊಟ ಮಾಡಿ ಬರುವವರೆಗೂ ಅದು ಓಡುತ್ತಲೇ ಇತ್ತು. “ಏನೂ ಆಗಿಲ್ಲ, ಒಳ್ಳೇ ಇಂಜಿನ್ನು. ಹಳೇದು, ಅಷ್ಟೆ” ಅಂದು ಮುಚ್ಚಳ ಹಾಕಿ ಬಸ್ಸು ಹತ್ತಿದ. ಸಾಯಂಕಾಲ ಕಂಠಪ್ಪ ಒಬ್ಬನೇ ತೆಗೆದುಕೊಂಡು ಹೋದ. ನಿಂತಿತು.

ಸಾಹುಕಾರರು ಕೋಪಿಷ್ಠರಲ್ಲ, ಆದರೆ ಬೇಸರ ಬೇಗ ಹತ್ತುವ ಜನ. ಒಂದು ದಿನ ದಡಕ್ಕೆ ಬಂದು, ಕೊಡೆಯ ತುದಿಯಿಂದ ಬೋಟಿನ ಹೊಟ್ಟೆ ತಟ್ಟಿ ಹೇಳಿದರು:

“ಕಂಠಪ್ಪ, ಬರೋ ಭಾನುವಾರ ಹುಣಸೂರಿನಿಂದ ಬೀಗರು ಬತ್ತಾರೆ. ಮಗಳ ಮದ್ವೆ ಮಾತು ಮುಗಿಯೋದೈತೆ. ಬೋಟಲ್ಲಿ ಒಂದು ಸುತ್ತು ಕರ್ಕೊಂಡೋಗ್ತೀನಿ ಅಂದ್ಬುಟ್ಟಿದ್ದೀನಿ. ಅವತ್ತು ನಡುನೀರಲ್ಲಿ ನಿಂತ್ಕಂತು ಅಂದ್ರೆ ಸೋಮವಾರವೇ ಇಂಜಿನ್ನು ಬಿಚ್ಚಿಸಿ ಆಲೆಮನೆಗೆ ಕೂರಿಸ್ತೀನಿ. ಕಬ್ಬಾದ್ರೂ ಅರೀಲಿ. ಬೋಟು ಸೌದೆಗಾಯ್ತದೆ.”

“ಸಾವ್ಕಾರ್ರೆ, ನಾನು?”

“ನಿನಗೇನಪ್ಪ, ಊರೂರು ತಿರುಗೋನು. ಇನ್ನೊಂದು ಊರು ಸಿಕ್ತದೆ.”

ಅವರು ಅದನ್ನು ನಗೆಯಾಡಿಯೇ ಹೇಳಿದ್ದು. ಕಂಠಪ್ಪನಿಗೆ ಅಂದು ಜಗಲಿಯಲ್ಲಿ ಮಾವನ ಮಾತಿಗೆ ಎದ್ದ ನಗು ನೆನಪಾಯಿತು. ಮೊದಲಾಗಿದ್ದರೆ ಹೆಗಲ ಮೇಲೆ ಟವೆಲ್ಲು ಬಿದ್ದು ಆಗಿರುತ್ತಿತ್ತು. ಈಗ, ಜೀವಮಾನದಲ್ಲಿ ಮೊದಲ ಸಲ, ಹೋಗುವುದು ಬೇಡ ಅನ್ನಿಸಿತ್ತು. ಹೋಗಬೇಕಾಗಿ ಬಂದಿತ್ತು.

ಆ ವಾರವೆಲ್ಲ ಅವನು ಮನೆಯಲ್ಲಿ ಇದ್ದೂ ಇರಲಿಲ್ಲ. ಮಾತಾಡುತ್ತಿದ್ದರೆ ನಡುವೆಯೇ ನಿಲ್ಲಿಸಿ ಕಿವಿ ನಿಮಿರಿಸುತ್ತಿದ್ದ. ಬೀಸುಕಲ್ಲಿನ ಸದ್ದು ಸ್ವಲ್ಪ ನಿಧಾನವಾದರೆ ಬೆಚ್ಚಿ ತಿರುಗಿ ನೋಡುತ್ತಿದ್ದ. “ರಾಗಿ ಮುಗೀತು ಅಷ್ಟೇ ಕಣ್ರೀ, ಕಲ್ಲು ಕೆಟ್ಟಿಲ್ಲ” ಅನ್ನುತ್ತಿದ್ದಳು ವೀರಮ್ಮ. ಕಿಡಿ ಕೊಡುವ ಮ್ಯಾಗ್ನೆಟ್ಟು ಬಿಚ್ಚಿ ಉಜ್ಜಿದ, ಮತ್ತೆ ಕೂರಿಸಿದ. ಕೊಳವೆ ಬಿಚ್ಚಿ ಊದಿದ, ಮತ್ತೆ ಕೂರಿಸಿದ. ಬಾಯೆಲ್ಲ ಸೀಮೆಎಣ್ಣೆ ವಾಸನೆ. ಮುದ್ದೆಗೂ ಅದೇ ರುಚಿ.

ಶನಿವಾರ ಒಂದು ಯೋಚನೆ ಬಂತು. ಅಮ್ಮನ ದಾರಿಗೇ ಹೋಗದಿದ್ದರೆ? ಬೋಟಿನ ಮೂತಿಯನ್ನು ಕಂಬದ ಕಡೆಯಿಂದ ತಿರುಗಿಸಿ, ನದಿ ಬರುವ ದಿಕ್ಕಿಗೆ ಬಿಟ್ಟ. ಅಲ್ಲಿ ಯಾವ ಊರೂ ಮುಳುಗಿರಲಿಲ್ಲ. ಹಿಂದೆ ಬರೀ ಹುಲ್ಲುಗಾವಲು ಇದ್ದ ಜಾಗ. ಎಲೆಅಡಿಕೆ ಬಾಯಿಗೆ ಹಾಕಿಕೊಂಡ. ದಡದ ಕೊಕ್ಕರೆಗಳು ಎದ್ದು ಕೂತವು. ರಸ ಮುಗಿಯುತ್ತಾ ಬಂತು. ದನಿ ತೆಳ್ಳಗಾಯಿತು. ಕೆಮ್ಮಿತು.

ನಿಂತಿತು.

ಕಂಠಪ್ಪ ಕಂಬವಿಲ್ಲದ, ಗುಡಿಯಿಲ್ಲದ ಆ ಬರೀ ನೀರನ್ನು ನೋಡಿದ. ಅವನಿಗೆ ಮೊದಲು ಹೆದರಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಬಾಯಲ್ಲಿದ್ದ ಎಲೆಅಡಿಕೆಯ ಚರಟವನ್ನು ಕೈಗೆ ಉಗುಳಿ ನೋಡಿದ. ಎಲ್ಲಿಗೆ ಹೋದರೂ ಒಂದೇ ಎಲೆಅಡಿಕೆಯಷ್ಟು ಹೊತ್ತು. ಹಾಗಾದರೆ ಇದು ಜಾಗದ ತಂಟೆಯಲ್ಲ. ಹೊತ್ತಿನ ತಂಟೆ. ಇಂಜಿನ್ನು ಎಲ್ಲಿ ನಿಲ್ಲುತ್ತದೆ ಅಂತಲ್ಲ, ಎಷ್ಟು ಹೊತ್ತಿಗೆ ನಿಲ್ಲುತ್ತದೆ ಅಂತ ಕೇಳಬೇಕಿತ್ತು. ಕೇಳಿದರೂ ಉತ್ತರ ಗೊತ್ತಿರಲಿಲ್ಲ. ಇಂಜಿನ್ನು ಮುಟ್ಟದೆ ಹುಟ್ಟು ಹಾಕುತ್ತಾ ಬಂದ.

ದಡದಲ್ಲಿ ಕುಳ್ಳಮ್ಮನಿಗೆ ಹೇಳಿದ. ಅವಳು ಒಪ್ಪಲಿಲ್ಲ. “ನೀನು ಆ ಕಡೆ ಓದ್ರೆ ಅವಳಿಗೆ ಕಾಣಕ್ಕಿಲ್ವಾ? ನೀರೆಲ್ಲ ಅವಳದ್ದೇಯ” ಅಂದಳು.

ಭಾನುವಾರ ಬೆಳಿಗ್ಗೆ ಬೋಟಿನ ನೀರು ಚೆಲ್ಲಿ, ಇಂಜಿನ್ನಿಗೆ ಗ್ರೀಸು ಮೆತ್ತಿ, ಮೊಣಕೈವರೆಗೂ ಕಪ್ಪು ಮಾಡಿಕೊಂಡು ಕಂಠಪ್ಪ ಮನೆಗೆ ಬಂದ. ಬೀಗರ ಗಾಡಿ ಆಗಲೇ ಊರೊಳಕ್ಕೆ ಬಂದಿದೆ, ಒಂದು ತುತ್ತು ತಿಂದು ಅಂಗಿ ಬದಲಾಯಿಸಿ ಓಡಬೇಕು. ಹಿತ್ತಲಲ್ಲಿ ನಿಂತು ಸೀಗೇಪುಡಿ ಉಜ್ಜಿಕೊಂಡು ಕೈ ಚಾಚಿದ. ವೀರಮ್ಮ ಹಿತ್ತಾಳೆ ಗಿಂಡಿ ತಂದಳು. ಕಿರಿದಾದ ಬಾಯಿ, ಸಣ್ಣ ಮೂತಿಯ ಗಿಂಡಿ, ತವರಿನಿಂದ ತಂದದ್ದು. ಗಾಳಿ ಬೀಸಿ ಒಲೆಯ ಬೂದಿ ಹಾರುತ್ತಿತ್ತು. ನೀರಿಗೆ ಬೀಳದಿರಲಿ ಅಂತ ಅವಳು ಗಿಂಡಿಯ ಬಾಯಿಗೆ ಅಂಗೈ ಒತ್ತಿ ಹಿಡಿದು ಬಗ್ಗಿಸಿದಳು.

ನೀರು ಸಣ್ಣಗೆ ಬಂತು. ಇನ್ನೂ ಸಣ್ಣಗಾಯಿತು. ಗುಳುಕ್ ಅಂತ ಒಮ್ಮೆ ಕೆಮ್ಮಿ ನಿಂತುಹೋಯಿತು.

“ನೀರು ಖಾಲಿಯೇನಮ್ಮಿ?”

“ತುಂಬ ಐತಲ್ಲ” ಅಂದಳು ವೀರಮ್ಮ. ಒಳಗೆ ನೋಡಲು ಅಂಗೈ ತೆಗೆದಳು. ಮೂತಿಯಿಂದ ನೀರು ಧಾರೆಯಾಗಿ ಸುರಿದು ಅವನ ಕೈ ತುಂಬಿ, ಕಾಲ ಮೇಲೆ ಬಿತ್ತು.

ಕಂಠಪ್ಪ ಅಲುಗಾಡಲಿಲ್ಲ. ನೊರೆ ಮೆತ್ತಿದ ಕೈಗಳನ್ನು ಚಾಚಿಕೊಂಡು ಹಾಗೇ ನಿಂತ. ವೀರಮ್ಮನಿಗೆ ಗಾಬರಿಯಾಯಿತು. ಇಷ್ಟು ಸುಮ್ಮನೆ ಅವನು ನಿಂತದ್ದನ್ನು ಅವಳು ಕಂಡಿರಲಿಲ್ಲ.

“ಇನ್ನೊಂದು ಸಲ ಮುಚ್ಚು” ಅಂದ.

ಮುಚ್ಚಿದಳು. ನಿಂತಿತು.

“ತೆಗಿ.”

ತೆಗೆದಳು. ಸುರಿಯಿತು.

“ಅಯ್ಯೋ ಶಿವನೆ, ಉಸಿರು!” ಅಂದವನೇ ಓಡಿದ. ಬೇಲಿಯ ಜಾಲಿಯಿಂದ ಒಂದು ಉದ್ದ ಮುಳ್ಳು ಮುರಿದುಕೊಂಡು ಓಡಿದ. ಅಂಗಿ ಬದಲಾಯಿಸಲಿಲ್ಲ. ಹಿಂದೆ ವೀರಮ್ಮ ಗಿಂಡಿ ಹಿಡಿದುಕೊಂಡೇ, “ಏನಾಯ್ತ್ರೀ, ಯಾರಿಗೇನಾಯ್ತು?” ಅಂತ ಓಡಿದಳು.

ದಡದಲ್ಲಿ ಎಲ್ಲರೂ ನೆರೆದಿದ್ದರು. ಸಾಹುಕಾರರು ಜರಿ ಪಂಚೆಯಲ್ಲಿ ನಿಂತು ಹುಣಸೂರಿನ ಬೀಗರು ಶಿವನಂಜಪ್ಪನವರಿಗೆ ಹಿನ್ನೀರು ಎಲ್ಲಿಂದೆಲ್ಲಿಗೆ ಅಂತ ಕೊಡೆಯಲ್ಲಿ ತೋರಿಸುತ್ತಿದ್ದರು. ಸಾಹುಕಾರರ ಹೆಂಡತಿ ನೀಲಾಂಬಿಕೆಯವರು ಆಗಲೇ ಬೋಟಿನೊಳಗೆ ಇಳಿದು, ಕೈಯಲ್ಲಿ ತಟ್ಟೆ ಹಿಡಿದು, ಹೊರಡುವ ಮುಂಚೆ ಪೂಜೆ ಮಾಡಲು ಬೆರಳಲ್ಲಿ ಕುಂಕುಮ ತೆಗೆದುಕೊಂಡಿದ್ದರು. ಬೆರಳು ಟ್ಯಾಂಕಿಯ ಮುಚ್ಚಳದ ಕಡೆಗೇ ಹೋಗುತ್ತಿತ್ತು.

“ಅವ್ವಾರೆ, ಬ್ಯಾಡಿ! ಅಲ್ಲಿಗೆ ಬ್ಯಾಡಿ!”

ಕಂಠಪ್ಪ ಬೋಟಿಗೆ ಹಾರಿದ ರಭಸಕ್ಕೆ ಬೋಟು ತೂಗಿತು. ನೀಲಾಂಬಿಕೆಯವರು ತಟ್ಟೆ ಹಿಡಿದು ಕೂತುಬಿಟ್ಟರು. ಅವನು ಮುಚ್ಚಳದ ಮುಂದೆ ಮಂಡಿಯೂರಿ ಉಗುರಲ್ಲಿ ಕೆರೆಯತೊಡಗಿದ. ವಿಭೂತಿ, ಗಂಧ, ಕುಂಕುಮ ಎಲ್ಲ ಚಕ್ಕೆ ಚಕ್ಕೆಯಾಗಿ ಎದ್ದು ಬಂತು.

“ಅಯ್ಯೋ, ಅಯ್ಯೋ! ಈಬತ್ತಿ ಕೆರೀತಾ ಇದ್ದೀಯಲ್ಲೋ!” ನೀಲಾಂಬಿಕೆಯವರು ಕೂಗಿದರು. “ಮಗಳ ಮಾತು ನಡೆಯೋ ದಿವಸ ಇದೇನೋ ಅಪಶಕುನ!”

ಸಾಹುಕಾರರ ಮುಖ ಕಪ್ಪಿಟ್ಟಿತು. ಬೀಗರೆದುರಿಗೆ ಮನೆಯ ಆಳು ಹುಚ್ಚನಂತೆ ಆಡುತ್ತಿದ್ದಾನೆ. “ಕಂಠಪ್ಪ, ಕೈ ತೆಗಿ. ಏನಾಗೈತೆ ನಿಂಗೆ?”

“ಇದು ಮೂಗು ಕಣ್ರೀ ಸಾವ್ಕಾರ್ರೆ!” ಕಂಠಪ್ಪ ತಲೆಯೆತ್ತದೆ ಕೂಗಿದ. “ನಾನು ಹಣೆ ಅಂದ್ಕಂಡಿದ್ದೆ. ಇದು ಇಂಜಿನ್ನಿನ ಮೂಗು. ಮೂಗಿಗೆ ಯಾರಾದ್ರೂ ಕುಂಕುಮ ತುಂಬ್ತಾರಾ?”

ಬೀಗರು ಶಿವನಂಜಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಂಠಪ್ಪ ಗುಳಿಯೊಳಗಿನ ಗಾರೆಯನ್ನು ಜಾಲಿಮುಳ್ಳಿನಿಂದ ಕೆದಕಿದ. ತಳದಲ್ಲಿ ಒಂದು ಸಣ್ಣ ತೂತು ಸಿಕ್ಕಿತು, ಸೂಜಿಯ ಮೊನೆ ಹೋಗುವಷ್ಟು. ಮುಳ್ಳು ಒಳಗಿಳಿಯಿತು. ಹಿಂದಕ್ಕೆ ಎಳೆದ.

“ವೀರೂ, ಗಿಂಡಿ ಕೊಡು ಇಲ್ಲಿ.”

ಎಲ್ಲರ ಮುಂದೆ ಗಿಂಡಿಯ ಬಾಯಿಗೆ ಅಂಗೈ ಒತ್ತಿ ಬಗ್ಗಿಸಿ ತೋರಿಸಿದ. ನಿಂತ ನೀರು ತೋರಿಸಿದ, ಸುರಿಯುವ ನೀರು ತೋರಿಸಿದ. “ಮೇಲಿಂದ ಗಾಳಿ ಒಳಕ್ಕೋದ್ರೇ ಕೆಳಗೆ ಎಣ್ಣೆ ಇಳಿಯೋದು. ತೂತು ಮುಚ್ಚಿದ್ರೆ ಎಷ್ಟು ಹೊತ್ತು ಇಳೀತದೆ? ವಸಿ ಹೊತ್ತು ಓಡ್ತದೆ, ಉಸಿರು ಕಟ್ತದೆ. ನಾನು ಎಣ್ಣೆ ನೋಡಕ್ಕೆ ಅಂತ ಮುಚ್ಚಳ ತೆಗೀತಿದ್ದೆ, ಆಗ ಉಸಿರಾಡ್ಕತಿತ್ತು. ನಾನು ಪ್ಲಗ್ಗಿಂದ ಎದ್ದದೆ ಅಂತಿದ್ದೆ, ಅಮ್ಮನಿಂದ ಎದ್ದದೆ ಅಂತಿದ್ದೆ.”

ಸಾಹುಕಾರರು ಕೊಡೆಯನ್ನು ಮರಳಿಗೆ ಊರಿ ಕೇಳಿದರು, “ಅಂಗಾರೆ ಇಷ್ಟು ದಿವಸ ಇದರ ಕತ್ತು ಹಿಸುಕ್ತಾ ಇದ್ದೋನು ನೀನೇ ಅನ್ನು.”

“ಊಂ ಸಾವ್ಕಾರ್ರೆ” ಅಂದ ಕಂಠಪ್ಪ. “ನಾನೇ. ದಿನಾ ಪೂಜೆ ಮಾಡಿ ಹಿಸುಕ್ದೆ.”

“ಈಗ ಸರಿಹೋಯ್ತದೆ ಅಂತೀಯಾ?”

“ಓಯ್ತದೆ ಅನ್ಕಂಡಿದ್ದೀನಿ. ಓಡಿಸಿ ನೋಡಿಲ್ಲ.”

ಸಾಹುಕಾರರು ಬೀಗರ ಮುಖ ನೋಡಿದರು. ಶಿವನಂಜಪ್ಪನವರು ಆಗಲೇ ಜೋಡು ಕಳಚಿ ಬೋಟಿಗೆ ಕಾಲಿಟ್ಟಿದ್ದರು. “ನಡೀರಿ ಬೀಗರೆ, ನಿಂತ್ರೆ ಹುಟ್ಟು ಹಾಕನ. ಇಂಥ ಮಾತು ಕೇಳಿದ ಮೇಲೆ ಹತ್ತದೆ ಇರಕ್ಕಾಯ್ತದ?” ನೀಲಾಂಬಿಕೆಯವರು ಬೆರಳಲ್ಲಿ ಉಳಿದಿದ್ದ ಕುಂಕುಮವನ್ನು ಎಲ್ಲಿಡುವುದು ಅಂತ ತಿಳಿಯದೆ ಕೂತಿದ್ದರು. ಕಂಠಪ್ಪ ಹ್ಯಾಂಡಲ್ಲಿನ ಹಿಡಿ ತೋರಿಸಿದ. ಅಲ್ಲಿಗೆ ಇಟ್ಟು, ಇನ್ನೂ ಅನುಮಾನದಲ್ಲೇ ಕೈಮುಗಿದರು.

ಎರಡನೇ ಸುತ್ತಿಗೆ ಇಂಜಿನ್ನು ಎದ್ದಿತು. ಕಾವೇರಿದ ಮೇಲೆ ಸೀಮೆಎಣ್ಣೆಗೆ ತಿರುಗಿಸಿದ. ಬೋಟು ದಡ ಬಿಟ್ಟಿತು.

ಕಂಠಪ್ಪ ಎಲೆಅಡಿಕೆ ಬಾಯಿಗೆ ಹಾಕಿಕೊಂಡ. ಜಗಿಯಲು ಮನಸ್ಸು ಬರಲಿಲ್ಲ, ಆದರೆ ಹೊತ್ತು ತಿಳಿಯಲು ಅವನಿಗೆ ಬೇರೆ ಗಡಿಯಾರವಿರಲಿಲ್ಲ. ಮುಂದೆ ಬೀಗರು ಅಕ್ಕಿಯ ಮಾತಾಡಿದರು, ಮಳೆಯ ಮಾತಾಡಿದರು. ಯಾವುದೂ ಅವನ ಕಿವಿಗೆ ಬೀಳಲಿಲ್ಲ. ರಸ ತೆಳ್ಳಗಾಯಿತು. ದೂರದಲ್ಲಿ ಕಲ್ಲುಕಂಬದ ತುದಿ, ಅದರ ಮೇಲೆ ಒಂದು ನೀರುಕಾಗೆ ರೆಕ್ಕೆ ಒಣಗಿಸುತ್ತಾ ಕೂತಿತ್ತು. ನೀಲಾಂಬಿಕೆಯವರು ಸೆರಗು ಬಿಗಿ ಹಿಡಿದರು. ಕಂಠಪ್ಪನ ಬಾಯಲ್ಲಿ ಬರೀ ಚರಟ ಉಳಿಯಿತು. ಒಮ್ಮೆ ಅಲೆಗೆ ಬೋಟು ತೂಗಿ ಸದ್ದು ಕೊಂಚ ಬದಲಾದಾಗ ಅವನ ಕೈ ತಾನಾಗಿಯೇ ಮುಚ್ಚಳದ ಮೇಲೆ ಹೋಗಿ, ಬೆಂಕಿ ತಾಗಿದಂತೆ ಹಿಂದಕ್ಕೆ ಬಂತು.

ಟುಕು ಟುಕು ಟುಕು. ಕಂಬ ಎದುರಾಯಿತು, ಪಕ್ಕಕ್ಕಾಯಿತು, ನೀರುಕಾಗೆ ಹಾರಿಹೋಯಿತು, ಕಂಬ ಹಿಂದಾಯಿತು. ಸದ್ದು ಹಾಗೇ ಇತ್ತು.

“ಅಮ್ಮ ದಾರಿ ಬುಟ್ಲು” ಅಂದರು ನೀಲಾಂಬಿಕೆಯವರು.

ಆಚೆ ದಡದ ಹತ್ತಿರ ತಿರುಗಿ, ವಾಪಸ್ಸು ಬರುವಾಗ ಸಾಹುಕಾರರು ಬೀಗರ ಕಡೆಗೆ ಬಾಗಿ, ಕಂಠಪ್ಪನಿಗೂ ಕೇಳಿಸುವ ಹಾಗೆ ಹೇಳಿದರು: “ನಿಮ್ಮ ಕಡೆ ಆಲೆಮನೆಗೆ ಆಗೋಂಥ ಇಂಜಿನ್ನು ಯಾವುದಾದ್ರೂ ಇದ್ರೆ ಹೇಳ್ರಿ. ಇದು ಇಲ್ಲೇ ಇರ್ತದೆ.” ಆಮೇಲೆ ಹಿಂದೆ ತಿರುಗಿ, “ಲೇ ಕಂಠಪ್ಪ, ಅದರ ಮೂಗು ನೋಡ್ಕೊಳ್ಳೋನೂ ಇಲ್ಲೇ ಇರಬೇಕು ಮತ್ತೆ” ಅಂದರು.

ಕಂಠಪ್ಪನಿಗೆ ಆಗ ಒಂದು ನಿಟ್ಟುಸಿರು ಬರಬೇಕಿತ್ತು, ಬರಲಿಲ್ಲ. ದಡ ಮುಟ್ಟುವವರೆಗೂ ಅವನ ಕಿವಿ ಇಂಜಿನ್ನಿನ ಮೇಲೇ ಇತ್ತು.

ಸಂಜೆ ಕುಳ್ಳಮ್ಮನಿಗೆ ಎಲ್ಲ ಹೇಳಿದ. ಅವಳು ಮಜ್ಜಿಗೆ ಮಡಕೆ ಮಗುಚಿಟ್ಟು ಸೊಂಟಕ್ಕೆ ಕೈಯಿಟ್ಟಳು. “ತೂತು ಮುಚ್ಚಿದೋನು ನೀನು, ತಪ್ಪೆಲ್ಲ ನಮ್ಮಮ್ಮನ ಮ್ಯಾಲೆ ಹೊರಿಸಿದ್ಯಾ?”

“ನೀನೇ ಅಲ್ವಾ ಅವ್ವ ಹೇಳಿದ್ದು?”

“ಕೈಮುಗಿ ಅಂದೆ ಕಣಪ್ಪ. ಮೂಗಿಗೆ ಮೆತ್ತು ಅಂದ್ನಾ?”

ಮಾರನೇ ದಿನ ಸೋಮವಾರ. ವೀರಮ್ಮ ಹುಣಸೆಹಣ್ಣು ಹಾಕಿ ಗಿಂಡಿಯ ಜೊತೆಗೆ ಟ್ಯಾಂಕಿಯ ಮುಚ್ಚಳವನ್ನೂ ತಿಕ್ಕಿ ಕೊಟ್ಟಳು. ಈ ಮನೆಯ ಒಲೆಗೆ ಹೊಸದಾಗಿ ಮೆತ್ತಲು ಅವಳು ನೆನೆಹಾಕಿದ ಮಣ್ಣು ಬಾಗಿಲಲ್ಲೇ ಕಾಣುತ್ತಿತ್ತು. ಕಂಠಪ್ಪ ಹಣೆಗೆ ವಿಭೂತಿ ಇಟ್ಟುಕೊಂಡು, ಉಳಿದದ್ದನ್ನು ಬೆರಳಲ್ಲೇ ಹಿಡಿದುಕೊಂಡು ದಡಕ್ಕೆ ಬಂದ. ಹ್ಯಾಂಡಲ್ಲಿನ ಹಿಡಿಗೆ ಒರೆಸಿದ. ಮುಚ್ಚಳವನ್ನು ಬೆಳಕಿಗೆ ಎತ್ತಿ ಹಿಡಿದು ತೂತಿನಲ್ಲಿ ಒಂದು ಕಣ್ಣು ಇಟ್ಟು ನೋಡಿ, ಟ್ಯಾಂಕಿಗೆ ತಿರುವಿ ಕೂರಿಸಿದ. ರಾತ್ರಿ ಜಿನುಗಿದ ನೀರು ಬೋಟಿನ ತಳದಲ್ಲಿ ಎಂದಿನಷ್ಟೇ ನಿಂತಿತ್ತು. ಪಂಚೆ ಮೇಲೆತ್ತಿ ಕಟ್ಟಿ, ಕತ್ತರಿಸಿದ ಡಬ್ಬ ತೆಗೆದುಕೊಂಡು, ಮೊಗೆದು ಚೆಲ್ಲಿದ. ಮತ್ತೆ ಮೊಗೆದು ಚೆಲ್ಲಿದ.